ಹೂಮಳೆಗೆ ಮುಂಚೆಯೇ: ಕೊಡಗಿನ ಪಂಚಾಯಿತಿ ಕಚೇರಿಯ ಕಂಪ್ಯೂಟರ್ ವ್ಯವಸ್ಥೆಯನ್ನು ಮಳೆಗಾಲಕ್ಕೆ ಸಜ್ಜುಗೊಳಿಸುವ ಕ್ರಮ

ಕೊಡಗಿನ ಗ್ರಾಮ ಪಂಚಾಯಿತಿ ಅಥವಾ ನಾಡಕಚೇರಿಯಲ್ಲಿ ಕಂಪ್ಯೂಟರ್‌ಗಳ ಹೊಣೆ ಹೊತ್ತವರು ಮಳೆಗಾಲದ ಸಿದ್ಧತೆಯನ್ನು ಜೂನ್‌ವರೆಗೆ ಮುಂದೂಡಬಾರದು. ಉಪಕರಣಗಳು ಕೆಡುವುದು ಜಡಿಮಳೆಯಲ್ಲಿ ಎಂಬ ನಂಬಿಕೆ ಸಾಮಾನ್ಯವಾದರೂ, ಗುಡುಗು ಸಿಡಿಲಿನ ಕಾಟ ಹೆಚ್ಚಿರುವುದು ಕಾಫಿ ಗಿಡ ಹೂಬಿಡಿಸುವ ಹೂಮಳೆಯೂ ಸೇರಿದಂತೆ ಮಾರ್ಚ್‌ನಿಂದ ಮೇವರೆಗಿನ ಸಂಜೆಯ ಮಳೆಯಲ್ಲಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ತರುವ ತೊಂದರೆ ಬೇರೆ ಬಗೆಯದು: ಮರ ಬಿದ್ದು ತಂತಿ ತುಂಡಾಗುತ್ತದೆ, ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ, ಮೊಬೈಲ್ ಗೋಪುರವೂ ಡೀಸೆಲ್ ಮುಗಿದು ಮೌನವಾಗುತ್ತದೆ. ಆದ್ದರಿಂದ ಸಿಡಿಲಿನ ಸಿದ್ಧತೆ ಫೆಬ್ರವರಿಯಲ್ಲಿ, ಕತ್ತಲೆಯ ಸಿದ್ಧತೆ ಮೇ ತಿಂಗಳಲ್ಲಿ ಮುಗಿದಿರಬೇಕು.

ಮೊದಲು ಅರ್ಥಿಂಗ್, ಅಂದರೆ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕಿಳಿಸುವ ವ್ಯವಸ್ಥೆಯನ್ನು ಪರೀಕ್ಷಿಸಿ. ಬೇಸಿಗೆಯಲ್ಲಿ ಅದರ ತಂತಿ ಹೂತ ಗುಂಡಿಯ ಮಣ್ಣು ಒಣಗಿದಷ್ಟೂ ಅದರ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ. ಅಂದರೆ ಸಿಡಿಲು ಬರುವ ಹೊತ್ತಿಗೇ ಅರ್ಥಿಂಗ್ ದುರ್ಬಲವಾಗಿರುತ್ತದೆ. ಗುಂಡಿಗೆ ನೀರು ಹಾಕುವುದನ್ನು ಯಾರಾದರೂ ಒಬ್ಬರ ಕೆಲಸವೆಂದು ಲಿಖಿತವಾಗಿ ವಹಿಸಿ, ಅರ್ಹ ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ ದಿನಾಂಕದೊಂದಿಗೆ ಬರೆದಿಡಿ. ಮೋಡ ಕವಿದಾಗ ಪ್ಲಗ್ ಕಿತ್ತರೆ ಸಾಲದು, ಮೋಡೆಮ್‌ಗೆ ಬರುವ ತಾಮ್ರದ ದೂರವಾಣಿ ತಂತಿಯನ್ನೂ ಬಿಡಿಸಬೇಕು. ಎಷ್ಟೋ ಕಡೆ ಸಿಡಿಲು ಒಳಬರುವುದು ಆ ದಾರಿಯಿಂದಲೇ. ಫೈಬರ್ ಸಂಪರ್ಕದ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಅದರ ರೂಟರ್‌ನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಯುಪಿಎಸ್ ಸದ್ದು ಮಾಡುತ್ತಿದೆ ಎಂದ ಮಾತ್ರಕ್ಕೆ ಅದರ ಬ್ಯಾಟರಿ ಚೆನ್ನಾಗಿದೆ ಎಂದಲ್ಲ. ಮುಖ್ಯ ಸ್ವಿಚ್ ಆರಿಸಿ, ಎಷ್ಟು ನಿಮಿಷ ನಡೆಯುತ್ತದೆಂದು ನೋಡಿ. ತೆರೆದಿರುವ ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲೂ ಸಮಯ ಸಿಗದಿದ್ದರೆ ಬ್ಯಾಟರಿ ಬದಲಾಯಿಸುವ ಟಿಪ್ಪಣಿಯನ್ನು ಅಂದೇ ಮಂಡಿಸಿ. ಹೊಸ ಖರೀದಿಗೆ ಅವಕಾಶವಿದ್ದರೆ ಕನಿಷ್ಠ ಒಂದಾದರೂ ಲ್ಯಾಪ್‌ಟಾಪ್ ಕೊಳ್ಳುವುದು ಜಾಣತನ. ತನ್ನದೇ ಬ್ಯಾಟರಿ ಇರುವುದರಿಂದ ನಮ್ಮ ಜಿಲ್ಲೆಯ ಕಚೇರಿಗೆ ಮೇಜಿನ ಕಂಪ್ಯೂಟರ್‌ಗಿಂತ ಅದೇ ಹೊಂದುತ್ತದೆ. ತೇವದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ, ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುವ ಇಲ್ಲಿನ ಹಳೆಯ ರೂಢಿ ಎಲ್ಲರಿಗೂ ಗೊತ್ತಿದೆ. ಮುದ್ರಣದ ಕಾಗದದ ಕಟ್ಟನ್ನು ಮಾತ್ರ ಬೇಕಾದಷ್ಟೇ ಬಿಚ್ಚಿ, ಏಕೆಂದರೆ ತೇವ ಹೀರಿದ ಹಾಳೆ ಸುರುಳಿಯಾಗಿ ಪ್ರಿಂಟರ್‌ನೊಳಗೆ ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಯಂತ್ರ ನಿಲ್ಲುವ ದಿನ ಬಂದೇ ಬರುತ್ತದೆ. ಆ ದಿನ ಹತ್ತಾರು ಕಿಲೋಮೀಟರ್ ದೂರದ ತೋಟದಿಂದ, ಬಸ್ಸಿಗೆ ಕಾದು ಬಂದವರಿಗೆ ‘ಸರ್ವರ್ ಡೌನ್’ ಎಂದು ಹೇಳಿ ಕಳುಹಿಸುವುದನ್ನು ನಾನು ಆಡಳಿತದ ವೈಫಲ್ಯವೆಂದೇ ಎಣಿಸುತ್ತೇನೆ, ಏಕೆಂದರೆ ಸೇವೆ ಕೊಡಬೇಕಾದದ್ದು ಕಚೇರಿಯೇ ಹೊರತು ಸರ್ವರ್ ಅಲ್ಲ. ಸಕಾಲ ಎಂದು ಕರೆಯುವ 2011ರ ಕರ್ನಾಟಕ ನಾಗರಿಕ ಸೇವಾ ಖಾತರಿ ಕಾಯ್ದೆಯಡಿ ಅರ್ಜಿದಾರರಿಗೆ ಸ್ವೀಕೃತಿ ಪಡೆಯುವ ಹಕ್ಕಿದೆ. ಸೇವೆಗೆ ನಿಗದಿಯಾದ ಗಡುವು ಮೀರಿ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಅವಕಾಶವೂ ಇದೆ. ಆದುದರಿಂದ ಒಂದು ಕೈಬರಹದ ವಹಿಯನ್ನು ಮೊದಲೇ ಪುಟಸಂಖ್ಯೆ ಹಾಕಿ, ಮೊಹರು ಒತ್ತಿ ಸಿದ್ಧವಾಗಿಡಿ. ಅದರಲ್ಲಿ ದಿನಾಂಕ, ವೇಳೆ, ಅರ್ಜಿದಾರರ ಹೆಸರು, ಮೊಬೈಲ್ ಸಂಖ್ಯೆ, ಬೇಕಾದ ಸೇವೆ, ಸಲ್ಲಿಸಿದ ದಾಖಲೆಗಳು ಮತ್ತು ಮುಂದೆ ಜಿಎಸ್‌ಸಿ ಸಂಖ್ಯೆ (ಸಕಾಲದಡಿ ಅರ್ಜಿಗೆ ಸಿಗುವ ಸ್ವೀಕೃತಿ ಸಂಖ್ಯೆ) ಬರೆಯಲು ಖಾಲಿ ಅಂಕಣ ಇರಲಿ. ಸಹಿ ಮಾಡಿದ ಚೀಟಿಯೊಂದನ್ನು ಅರ್ಜಿದಾರರ ಕೈಗೆ ಕೊಡಿ.

ಈ ವಹಿಯಲ್ಲಿ ಹೆಸರು ಬರೆಯುವಾಗ ನಮ್ಮ ಜಿಲ್ಲೆಯದೇ ಆದ ಒಂದು ತೊಡಕಿದೆ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಪಹಣಿಗಳಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರೊಂದಿಗೆ ಕುಟುಂಬದ ಹಲವರ ಹೆಸರುಗಳಿರುವುದುಂಟು. ಮನೆತನದ ಹೆಸರು ಒಂದು ದಾಖಲೆಯಲ್ಲಿ ಪೂರ್ಣವಾಗಿಯೂ ಇನ್ನೊಂದರಲ್ಲಿ ಬರೀ ಇನಿಷಿಯಲ್ ಆಗಿಯೂ ಇರುತ್ತದೆ. ಅರ್ಜಿದಾರರು ಎದುರಿಗಿರುವಾಗಲೇ ಪಹಣಿಯ ಪ್ರತಿ ನೋಡಿ, ಅದರಲ್ಲಿರುವ ಕಾಗುಣಿತವನ್ನೇ ಬರೆದುಕೊಂಡು, ಸರ್ವೆ ನಂಬರ್ ಸೇರಿಸಿ. ವಿದ್ಯುತ್ ಬಂದ ಮೇಲೆ ವಹಿಯ ಕ್ರಮದಲ್ಲೇ ಅರ್ಜಿಗಳನ್ನು ಗಣಕಕ್ಕೆ ಏರಿಸಬೇಕು. ಅಂದು ಬಾಗಿಲಲ್ಲಿ ನಿಂತವರಿಗೆ ಮೊದಲ ಆದ್ಯತೆ ಕೊಟ್ಟರೆ ಮೊದಲೇ ವಹಿಯಲ್ಲಿ ಹೆಸರು ಬರೆಸಿದವರು ವಾರಗಟ್ಟಲೆ ಹಿಂದೆ ಬೀಳುತ್ತಾರೆ. ಗಣಕದ ಲೆಕ್ಕದಲ್ಲಿ ಗಡುವು ಆರಂಭವಾಗುವುದು ನಮೂದಿಸಿದ ದಿನದಿಂದಲಾದ್ದರಿಂದ, ಅರ್ಜಿ ನಿಜವಾಗಿ ಬಂದ ದಿನಾಂಕವನ್ನು ಕಡತದ ಟಿಪ್ಪಣಿಯಲ್ಲಿ ತಪ್ಪದೆ ದಾಖಲಿಸಿ.

ಡಿಜಿಟಲ್ ಸಹಿಯ ಟೋಕನ್ (ಸಹಿ ಹಾಕಲು ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಸಾಧನ) ವಿಚಾರದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸಭೆಗೆಂದು ಮಡಿಕೇರಿಗೆ ಹೋಗುವಾಗ ಟೋಕನ್ನನ್ನು ಆಪರೇಟರ್ ಬಳಿ ಬಿಟ್ಟು, ಪಿನ್ ಸಂಖ್ಯೆಯನ್ನು ಮೇಜಿನ ಗಾಜಿನಡಿ ಇಡುವುದು ಅನುಕೂಲವೆಂದು ತೋರಬಹುದು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಆ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆಯಿದೆ, ಹಾಗೂ ಗ್ರಾಮದ ಆಸ್ತಿ ದಾಖಲೆ ನೀಡುವ ಇ-ಸ್ವತ್ತುವಿನ ನಮೂನೆ 9 ಅಥವಾ 11ರಲ್ಲಿ ತಪ್ಪಾದರೆ ಉತ್ತರ ಹೇಳಬೇಕಾದವರು ಸಹಿಯ ಒಡೆಯರೇ. ಲಾಗಿನ್‌ಗಳೂ ಅಷ್ಟೇ, ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಬೇಕು. ಟೋಕನ್‌ನ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತಿಸಿ, ನವೀಕರಣವನ್ನು ಮಳೆಗೆ ಮುಂಚೆ ಮುಗಿಸುವುದು ಕ್ಷೇಮ.

ಇನ್ನು ಬ್ಯಾಕಪ್. ಜಮೀನು ದಾಖಲೆಯ ಭೂಮಿ, ನಾಗರಿಕ ಸೇವೆಗಳ ಸೇವಾಸಿಂಧು, ಪಂಚಾಯಿತಿ ಆಡಳಿತದ ಪಂಚತಂತ್ರದಂತಹ ತಂತ್ರಾಂಶಗಳ ದತ್ತಾಂಶ ಕಚೇರಿಯ ಯಂತ್ರದಲ್ಲಿರದೆ ಕೇಂದ್ರೀಯ ಸರ್ವರ್‌ಗಳಲ್ಲಿರುವುದರಿಂದ ಅದನ್ನು ನೀವು ನಕಲಿಸಬೇಕಿಲ್ಲ. ಕಾಪಾಡಬೇಕಾದದ್ದು ಸಭಾ ನಡಾವಳಿ, ಪತ್ರವ್ಯವಹಾರ, ಅಂದಾಜು ಪಟ್ಟಿ, ಕಾಮಗಾರಿಯ ಛಾಯಾಚಿತ್ರ, ಹಾನಿ ಸಮೀಕ್ಷೆಯ ಪಟ್ಟಿ ಇವುಗಳನ್ನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಭಾಗದ ಬೆಟ್ಟಗಳು ಕುಸಿದಾಗ ಮನೆಯೊಂದಿಗೆ ದಾಖಲೆಗಳನ್ನೂ ಕಳೆದುಕೊಂಡ ಕುಟುಂಬಗಳಿದ್ದವು. ಅಂಥ ಹೊತ್ತಿನಲ್ಲಿ ಜನ ಕಚೇರಿಯ ಪ್ರತಿಯನ್ನೇ ನಂಬಿ ಬರುತ್ತಾರೆ. ಒಂದು ಪ್ರತಿ ಯಂತ್ರದಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ತಾಲ್ಲೂಕು ಕೇಂದ್ರದಲ್ಲಿ ಇರಲಿ. ಒಂದೇ ಕಟ್ಟಡದಲ್ಲಿ ಮೂರು ಪ್ರತಿ ಇಟ್ಟರೆ ಒಂದೇ ಪ್ರತಿ ಇಟ್ಟಂತೆ.

ಹಳೆಯ ಕಡತಗಳು ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ, ಯೂನಿಕೋಡ್ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಅಕ್ಷರಶೈಲಿಯಲ್ಲಿದ್ದರೆ, ಬೇರೆ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿ, ಪಿಡಿಎಫ್ ಪ್ರತಿಯನ್ನೂ ಉಳಿಸಿ. ಕೊನೆಗೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ಗೆ ಜೋಡಿಸಿ, ಕಳೆದ ವರ್ಷದ ಯಾವುದಾದರೂ ಒಂದು ನಡಾವಳಿಯನ್ನು ತೆರೆದು ಮುದ್ರಿಸಿ ನೋಡಿ; ಅದು ತೆರೆಯದಿದ್ದರೆ ಬ್ಯಾಕಪ್ ಆಗಿಲ್ಲವೆಂದೇ ತಿಳಿದು ಮತ್ತೆ ಮಾಡಿ.