ಮನೇಲೇ ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡೋದು: ಮೊದಲು ನೆಕ್ ಕೈಗೆ ಬರ್ಲಿ, ಆಮೇಲೆ ಮರ ಕೊಯ್ಯೋಣ

ಗಿಟಾರ್ ಬಾಡಿ ಮನೇಲೇ ಮಾಡ್ಬೇಕು ಅಂತ ಹೊರಟೋರು ಮೊದಲು ಕೇಳೋದೇ ಯಾವ ಮರ ತಗೊಳ್ಲಿ ಅಂತ. ನಾನೂ ಹಂಗೇ ಶುರು ಮಾಡಿದ್ದು, ಒಳ್ಳೇ ಹಲಗೆ ಸಿಕ್ಕಿದ ಖುಷೀಲಿ ಡ್ರಾಯಿಂಗ್‌ನಲ್ಲಿ ಇದ್ದ ಅಳತೆ ನೋಡ್ಕೊಂಡು ನೆಕ್ (ಬೆರಳೊತ್ತಿ ನುಡಿಸೋ ಉದ್ದನೆ ಭಾಗ) ಕೂರೋ ಗುಂಡಿ, ಅಂದ್ರೆ ಪಾಕೆಟ್ ಕೊರೆದುಬಿಟ್ಟೆ, ಆಮೇಲೆ ಕೈಗೆ ಬಂದ ನೆಕ್ಕಿನ ಬುಡ ಅದಕ್ಕಿಂತ ಒಂದು ಮಿ.ಮೀ. ಕಮ್ಮಿ ಅಗಲ ಇತ್ತು. ಒಂದು ಮಿ.ಮೀ. ತಾನೇ ಅನ್ಸತ್ತೆ, ಆದ್ರೆ ಪಾಕೆಟ್ ಉದ್ದ ಇರೋದೇ ಸುಮಾರು 76 ಮಿ.ಮೀ., ಅಲ್ಲಿ ಒಂದು ಮಿ.ಮೀ. ಸಂದಿ ಬಿಟ್ರೆ ಆ ಕಡೆ ನಟ್ (ನೆಕ್ಕಿನ ತುದೀಲಿ ತಂತಿ ಕೂರೋ ಪಟ್ಟಿ) ಹತ್ರ ನೆಕ್ ಐದಾರು ಮಿ.ಮೀ. ಪಕ್ಕಕ್ಕೆ ಆಡತ್ತೆ, ಒಂದು ಕಡೆ ತಂತಿ ಫ್ರೆಟ್‌ಬೋರ್ಡ್ (ನೆಕ್ಕಿನ ಮೇಲೆ ಬೆರಳೊತ್ತೋ ಹಲಗೆ) ಅಂಚಿಂದ ಜಾರಿಹೋಗತ್ತೆ. ಆ ಬಾಡಿ ಕೊನೆಗೂ ಗಿಟಾರ್ ಆಗ್ಲಿಲ್ಲ. ಅವತ್ತಿಂದ ನನ್ನದು ಒಂದೇ ನಿಯಮ, ನೆಕ್, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ), ಪಿಕಪ್ (ತಂತಿಯ ಸದ್ದು ಹಿಡಿಯೋ ಭಾಗ) ಮೂರೂ ಮೇಜಿನ ಮೇಲೆ ಬಂದು ಕೂತ ಮೇಲೇ ಮರಕ್ಕೆ ಗರಗಸ ಹಚ್ಚೋದು. ಡ್ರಾಯಿಂಗ್ ಏನೇ ಹೇಳ್ಲಿ, ಕೈಲಿರೋ ಸಾಮಾನಿನ ಅಳತೆಯೇ ಅಳತೆ.

ನೆಕ್ ಕೂಡ ನಾನೇ ಮಾಡ್ತೀನಿ ಅನ್ನೋರಿಗೆ, ದಯವಿಟ್ಟು ಮೊದಲನೇ ಸಲ ಬೇಡ. ಫ್ರೆಟ್ ಅನ್ನೋ ಲೋಹದ ಪಟ್ಟಿಗಳಿಗೆ ಸೀಳು ಕುಯ್ಯೋದು, ನೆಕ್ ಬಾಗದ ಹಾಗೆ ಒಳಗೆ ಟ್ರಸ್ ರಾಡ್ ಅನ್ನೋ ಕಂಬಿ ಕೂರಿಸೋದು, ಫ್ರೆಟ್‌ಬೋರ್ಡ್‌ಗೆ ಬಾಗು ಕೊಡೋದು, ಇವೆಲ್ಲ ಒಂದೊಂದೂ ಬೇರೆ ಬೇರೆ ವಿದ್ಯೆ. ರೆಡಿ ನೆಕ್ ತಗೊಳ್ಳಿ, ಸ್ಕ್ರೂ ಹಾಕಿ ಕೂರಿಸೋ ಬೋಲ್ಟ್‌-ಆನ್ ನೆಕ್ಕೇ ತಗೊಳ್ಳಿ. 1950ರಲ್ಲಿ ಫೆಂಡರ್ ಗಿಟಾರ್ ಕಂಪನಿಯವರು ಎಸ್ಕ್ವೈರ್, ಬ್ರಾಡ್‌ಕಾಸ್ಟರ್ ಅನ್ನೋ ಗಿಟಾರ್ ತಂದಾಗ ಮಾಡಿದ್ದೇ ಇದು, ಚಪ್ಪಟೆ ಹಲಗೆಗೆ ನಾಕು ಸ್ಕ್ರೂ ಹೊಡೆದು ನೆಕ್ ಬಿಗಿಯೋದು, ಅದೇ ಬ್ರಾಡ್‌ಕಾಸ್ಟರ್ ಆಮೇಲೆ ಟೆಲಿಕಾಸ್ಟರ್ ಆಯ್ತು. ಮೊದಲನೇ ಬಾಡಿಗೆ ಇವತ್ತಿಗೂ ಅದಕ್ಕಿಂತ ಸಲೀಸಾದ ಆಕಾರ ಇಲ್ಲ ಅಂತಲೇ ನನ್ನ ನಂಬಿಕೆ. ಮೇಲೆ ಕೆಳಗೆ ಎರಡೂ ಚಪ್ಪಟೆ, ನೆಕ್ಕಿಗೆ ಓರೆ ಕೊಡೋ ತಾಪತ್ರಯ ಇಲ್ಲ, ಪಿಕಪ್ ಕೂರೋ ಗುಂಡಿ ಎಲ್ಲಾ ಮೇಲಿಂದಲೇ ಕೊರೆಯೋದು.

ಬ್ರಿಡ್ಜೂ ಹಂಗೇ, ಚಪ್ಪಟೆಯಾಗಿ ಸ್ಕ್ರೂ ಹಾಕಿ ಕೂರಿಸೋ ಹಾರ್ಡ್‌ಟೇಲ್ ತಗೊಳ್ಳಿ. ಟ್ರೆಮೊಲೊ (ಸ್ವರ ಬಾಗಿಸೋಕೆ ಅಲ್ಲಾಡೋ ಬ್ರಿಡ್ಜ್) ಬೇಕು ಅಂದ್ರೆ ಬಾಡಿ ಆರ್‌ಪಾರ್ ಕೊರೀಬೇಕು, ಹಿಂದೆ ಸ್ಪ್ರಿಂಗ್‌ಗೆ ಇನ್ನೊಂದು ಗುಂಡಿ ಬೇಕು. ಟ್ಯೂನ್‌-ಓ-ಮ್ಯಾಟಿಕ್ ಥರದ ಬ್ರಿಡ್ಜ್ ಎತ್ತರ ಜಾಸ್ತಿ, ಅದಕ್ಕೆ ನೆಕ್ಕನ್ನ ಎರಡು ಮೂರು ಡಿಗ್ರಿ ಹಿಂದಕ್ಕೆ ವಾಲಿಸ್ಬೇಕು.

ಸಾಮಾನು ಬಂದ ಮೇಲೆ ದೊಡ್ಡ ಕಾಗದದ ಮೇಲೆ ಗಿಟಾರನ್ನ ನಿಜ ಅಳತೆಯಲ್ಲೇ ಬರೀರಿ, ಮೇಲಿಂದ ನೋಡಿದ ಹಾಗೆ ಒಂದು, ಪಕ್ಕದಿಂದ ನೋಡಿದ ಹಾಗೆ ಒಂದು. ಪಕ್ಕದ ಚಿತ್ರ ತುಂಬಾ ಜನ ಬಿಟ್ಬಿಡ್ತಾರೆ, ತಂತಿ ಎತ್ತರ ಸರಿ ಬರತ್ತೋ ಇಲ್ವೋ ಅಂತ ಗೊತ್ತಾಗೋದು ಅದ್ರಲ್ಲೇ. ಸಾಮಾನ್ಯ ಲೆಕ್ಕ ಹೇಳ್ತೀನಿ ನೋಡಿ, ನೆಕ್ಕಿನ ಬುಡ ಫ್ರೆಟ್‌ಬೋರ್ಡ್ ಸೇರಿ ಸುಮಾರು 25 ಮಿ.ಮೀ. ದಪ್ಪ, ಪಾಕೆಟ್ ಆಳ 16, ಅಂದ್ರೆ ಫ್ರೆಟ್‌ಬೋರ್ಡ್ ಬಾಡಿಗಿಂತ 9 ಮಿ.ಮೀ. ಮೇಲೆ ನಿಲ್ಲತ್ತೆ. ಫ್ರೆಟ್ ಒಂದು ಮಿ.ಮೀ. ಸೇರಿಸಿ 10. ಹನ್ನೆರಡನೇ ಫ್ರೆಟ್ ಹತ್ರ ತಂತಿ ಸುಮಾರು 1.75 ಮಿ.ಮೀ. ಎತ್ತರ ಇಟ್ಕೊಂಡ್ರೆ ಬ್ರಿಡ್ಜ್ ಹತ್ರ ಅದರ ಡಬಲ್, ಮೂರೂವರೆ. ಒಟ್ಟು ಹದಿಮೂರೂವರೆ. ನಿಮ್ಮ ಬ್ರಿಡ್ಜಿನ ಸ್ಯಾಡಲ್ (ತಂತಿ ಕೂರೋ ಸಣ್ಣ ತುಂಡು) ಆ ಎತ್ತರಕ್ಕೆ ಆರಾಮಾಗಿ ಬರತ್ತಾ, ಇನ್ನೂ ಮೇಲೆ ಕೆಳಗೆ ಮಾಡೋಕೆ ಜಾಗ ಉಳಿಯತ್ತಾ ನೋಡಿ, ಇಲ್ಲಾಂದ್ರೆ ಪಾಕೆಟ್ ಆಳವನ್ನ ಈಗಲೇ ಕಾಗದದ ಮೇಲೆ ಸರಿ ಮಾಡ್ಕೊಳ್ಳಿ.

ಈಗ ಮರ. ಆಲ್ಡರ್, ಆ್ಯಶ್, ಮಹಾಗನಿ, ಬಾಸ್‌ವುಡ್, ಪಾಪ್ಲರ್ ಇವು ಕಂಪನಿಯವರು ವರ್ಷಾನುಗಟ್ಟಲೆ ಬಳಸಿರೋ ಮರಗಳು. ಯಾವ ಮರಕ್ಕೆ ಯಾವ ಸೌಂಡ್ ಅನ್ನೋ ಚರ್ಚೆಗೆ ಕೊನೆ ಇಲ್ಲ, ನನ್ನ ಕಿವಿಗೆ ಕೇಳಿಸಿರೋದು ಪಿಕಪ್ಪು, ಪಿಕಪ್ಪಿನ ಎತ್ತರ, ತಂತಿ, ಸೆಟಪ್ ಇವು ಮರಕ್ಕಿಂತ ಎಷ್ಟೋ ಜಾಸ್ತಿ ವ್ಯತ್ಯಾಸ ಮಾಡ್ತವೆ ಅಂತ. 1940ರ ಆಸುಪಾಸಲ್ಲಿ ಲೆಸ್ ಪಾಲ್ ಅನ್ನೋ ಅಮೆರಿಕದ ಗಿಟಾರ್ ವಾದಕರು ನಾಕಿಂಚು ಚೌಕದ ಪೈನ್ ತೊಲೆಗೆ ನೆಕ್ಕು ಪಿಕಪ್ಪು ಹಾಕಿ ನುಡಿಸಿದ್ರು, ಗಿಟಾರ್ ಥರ ಕಾಣ್ಲಿ ಅಂತ ಎರಡೂ ಪಕ್ಕಕ್ಕೆ ಬೇರೆ ಗಿಟಾರಿನ ಅರ್ಧರ್ಧ ಹೋಳು ಅಂಟಿಸಿದ್ರು. ಅದಕ್ಕೇ ಹೇಳೋದು, ಮರದ ಹೆಸರಿಗಿಂತ ಮರ ಒಣಗಿದೆಯಾ ಅನ್ನೋದು ಮುಖ್ಯ. ಹಸಿ ಮರ ಆಮೇಲೆ ಡೊಂಕಾಗತ್ತೆ, ಅಂಟು ಬಿಡತ್ತೆ, ಪಾಲಿಶ್ ಸೀಳತ್ತೆ. ತೇವ 8-10 ಪರ್ಸೆಂಟ್ ಒಳಗಿದ್ರೆ ಒಳ್ಳೇದು, ತೇವ ಅಳೆಯೋ ಮೀಟರ್ ಇಲ್ದಿದ್ರೆ ಹಲಗೆಯನ್ನ ಮನೆಯೊಳಗೇ ಇಟ್ಟು ವಾರಕ್ಕೊಂದು ಸಲ ತೂಕ ಮಾಡಿ ಬರೆದಿಡಿ, ತೂಕ ಇಳಿಯೋದು ಪೂರ್ತಿ ನಿಂತ ಮೇಲೆ ಕೆಲಸಕ್ಕೆ ತಗೊಳ್ಳಿ.

ತೂಕದ ಇನ್ನೊಂದು ಮಾತು. ಗುಂಡಿಗಳನ್ನೆಲ್ಲ ಕಳೆದ್ರೆ ಬಾಡೀಲಿ ಉಳಿಯೋ ಮರ ಸುಮಾರು 4 ಲೀಟರ್‌ನಷ್ಟು. ಒಂದು ಲೀಟರಿಗೆ 450 ಗ್ರಾಂ ತೂಗೋ ಆಲ್ಡರ್ ಥರದ ಮರ ಆದ್ರೆ 1.8 ಕೆಜಿ, 650 ಗ್ರಾಂ ತೂಗೋ ತೇಗದ ಥರದ್ದಾದ್ರೆ 2.6 ಕೆಜಿ. ಇದ್ರ ಮೇಲೆ ನೆಕ್ಕು, ಕಬ್ಬಿಣದ ಸಾಮಾನು. ಎರಡು ಗಂಟೆ ನಿಂತು ನುಡಿಸೋರ ಭುಜಕ್ಕೆ ಈ 800 ಗ್ರಾಂ ಚೆನ್ನಾಗೇ ಗೊತ್ತಾಗತ್ತೆ.

ಬೇಕಾಗಿರೋದು 45 ಮಿ.ಮೀ. ದಪ್ಪ, 350 ಅಗಲ, 500 ಉದ್ದ. ಅಷ್ಟಗಲದ ಒಂದೇ ಹಲಗೆ ಸಿಗೋದು ಕಷ್ಟ, ಎರಡು ಹಲಗೆ ನಡುವೆ ಅಂಟಿಸೋದೇ ರೂಢಿ. ಅಂಟಿಸೋ ಅಂಚುಗಳಿಗೆ ತೋಪಡ ಹಾಕುವಾಗ ಎರಡೂ ಹಲಗೆಯನ್ನ ಪುಸ್ತಕ ಮುಚ್ಚಿದ ಹಾಗೆ ಜೋಡಿಸಿ ಒಟ್ಟಿಗೇ ಹಾಕಿ, ಆಗ ತೋಪಡ ಸ್ವಲ್ಪ ವಾಲಿದ್ರೂ ಒಂದರ ಓರೆ ಇನ್ನೊಂದರ ಓರೆಗೆ ಸರಿಹೋಗತ್ತೆ. ಒಂದರ ಮೇಲೊಂದು ನಿಲ್ಲಿಸಿ ಹಿಂದೆ ದೀಪ ಹಿಡೀರಿ, ಎಲ್ಲೂ ಬೆಳಕು ತೂರಬಾರದು. ಸಾಧಾರಣ ಬಿಳಿ ಅಥವಾ ಹಳದಿ ಮರದ ಅಂಟೇ ಸಾಕು, ಕ್ಲ್ಯಾಂಪನ್ನ ಒಂದು ಮೇಲಿಂದ ಒಂದು ಕೆಳಗಿಂದ ಹಾಕ್ಕೊಂಡು ಹೋಗಿ, ಸಂದಿ ಪೂರ್ತಿ ಸಣ್ಣ ಹನಿ ಹನಿಯಾಗಿ ಅಂಟು ಹೊರಗೆ ಬಂದ್ರೆ ಸಾಕು, ಇನ್ನೂ ತಿರುಗಿಸ್ತಾ ಹೋಗ್ಬೇಡಿ. ಒಂದಿಡೀ ದಿನ ಮುಟ್ಬೇಡಿ. ತೇಗದಲ್ಲಿ ಎಣ್ಣೆ ಅಂಶ ಇರತ್ತೆ, ಅದಾದ್ರೆ ಅಂಟು ಹಚ್ಚೋ ಸ್ವಲ್ಪ ಮುಂಚೆ ಅಂಚನ್ನ ಅಸಿಟೋನ್‌ನಲ್ಲಿ ಒರೆಸಿ.

ಇನ್ನು ಟೆಂಪ್ಲೇಟ್, ಅಂದ್ರೆ ಆಕಾರ ಕಾಪಿ ಮಾಡೋಕೆ ಇಟ್ಕೊಳ್ಳೋ ಅಚ್ಚು. ನನ್ನ ಮಟ್ಟಿಗೆ ಇಡೀ ಗಿಟಾರ್ ಇರೋದೇ ಇದ್ರಲ್ಲಿ. 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಗೊಳ್ಳಿ, ಡ್ರಾಯಿಂಗ್ ಪ್ರಿಂಟ್ ಹಾಕಿಸಿದ್ರೆ ಅದ್ರಲ್ಲಿ 100 ಮಿ.ಮೀ. ಗೆರೆ ಒಂದನ್ನ ಸ್ಕೇಲಲ್ಲಿ ಅಳೆದು ನಿಜವಾಗ್ಲೂ 100 ಇದೆಯಾ ನೋಡಿ, ಪ್ರಿಂಟರ್ ತನ್ನಷ್ಟಕ್ಕೆ ಚಿಕ್ಕದು ಮಾಡಿರತ್ತೆ ಎಷ್ಟೋ ಸಲ. ಗೆರೆಯಿಂದ ಎರಡು ಮಿ.ಮೀ. ಆಚೆ ಜಿಗ್‌ಸಾದಲ್ಲಿ ಕುಯ್ದು, ಆಮೇಲೆ ಅರ, ಸ್ಯಾಂಡ್‌ಪೇಪರ್ ಹಿಡಿದು ಗೆರೆವರೆಗೂ ಉಜ್ಜಿ. ಕಣ್ಣಿಗೆ ಕಾಣ್ದೇ ಇರೋ ಉಬ್ಬು ಬೆರಳಿಗೆ ಸಿಗತ್ತೆ, ಅದಕ್ಕೆ ಕಣ್ಮುಚ್ಕೊಂಡು ಅಂಚಿನ ಮೇಲೆ ಬೆರಳು ಓಡಿಸಿ, ಎಲ್ಲಿ ತಡೆಯತ್ತೋ ಅಲ್ಲಿ ಮತ್ತೆ ಉಜ್ಜಿ. ಯಾಕಂದ್ರೆ ರೌಟರ್ (ತಿರುಗೋ ಅಲಗಿಂದ ಮರ ಕೊರೆಯೋ ಮೆಷಿನ್) ಬಿಟ್ಟಿನ ಬೇರಿಂಗ್ ಈ ಅಂಚನ್ನ ಹಂಗಂಗೇ ಕಾಪಿ ಮಾಡತ್ತೆ, ಎಂಡಿಎಫ್‌ನಲ್ಲಿ ಹತ್ತು ನಿಮಿಷದಲ್ಲಿ ಹೋಗೋ ಉಬ್ಬನ್ನ ಗಟ್ಟಿ ಮರದಲ್ಲಿ ತೆಗೆಯೋಕೆ ಒಂದು ಸಂಜೆ ಬೇಕು. ನಡುಗೆರೆಯನ್ನ ಟೆಂಪ್ಲೇಟ್ ಮೇಲೂ ಹಲಗೆಯ ಎರಡೂ ಮುಖಕ್ಕೂ ಚೂಪಾದ ಪೆನ್ಸಿಲ್‌ನಲ್ಲಿ ಎಳೀರಿ, ಕೊನೇ ಪಾಲಿಶ್‌ವರೆಗೂ ಅದನ್ನ ಅಳಿಸ್ಬೇಡಿ, ಎಲ್ಲಾ ಅಳತೆನೂ ಅಲ್ಲಿಂದಲೇ.

ನೆಕ್ ಪಾಕೆಟ್‌ನ ಟೆಂಪ್ಲೇಟನ್ನ ಅಳೆದು ಮಾಡೋಕೇ ಹೋಗ್ಬೇಡಿ. ನೆಕ್ಕನ್ನೇ ಮೇಜಿನ ಮೇಲಿಟ್ಟು ಅದರ ಎಡಕ್ಕೊಂದು ಬಲಕ್ಕೊಂದು ಬುಡಕ್ಕೊಂದು ನೇರ ಅಂಚಿನ ಎಂಡಿಎಫ್ ಪಟ್ಟಿ ಒತ್ತಿ ಹಿಡಿದು, ಮೂರನ್ನೂ ಮೇಲಿಂದ ಇನ್ನೊಂದು ತುಂಡಿಗೆ ಅಂಟಿಸಿಬಿಡಿ, ನೆಕ್ಕಿನ ಅಳತೆಗೇ ಟೆಂಪ್ಲೇಟ್ ಸಿಕ್ತು. ಅದರಲ್ಲಿ ಮೊದಲು ಒಂದು ಬೇಡದ ಮರದ ತುಂಡಿನ ಮೇಲೆ ಕೊರೆದು ನೋಡಿ. ಸ್ಕ್ರೂ ಇಲ್ದೇ ನೆಕ್ ಹಿಡಿದು ಮೇಲೆತ್ತಿದ್ರೆ ತುಂಡು ಬೀಳ್ದೇ ಜೊತೆಗೇ ಬರ್ಬೇಕು, ಹಂಗಂತ ಗುದ್ದಿ ಕೂರಿಸೋ ಹಾಗೂ ಇರ್ಬಾರದು.

ಕೆಲಸದ ಕ್ರಮದಲ್ಲಿ ನನ್ನ ಅಭ್ಯಾಸ ಹೇಳ್ತೀನಿ, ಹೊರಗಿನ ಆಕಾರ ಕುಯ್ಯೋಕೆ ಮುಂಚೆನೇ ಪಾಕೆಟ್ಟೂ ಪಿಕಪ್ ಗುಂಡಿಗಳೂ ಕೊರೀತೀನಿ. ಹಲಗೆ ಚೌಕಾಗಿದ್ರೆ ಕ್ಲ್ಯಾಂಪ್ ಹಾಕೋದು ಸುಲಭ, ರೌಟರ್ ಕೂರೋಕೆ ಸುತ್ತ ಜಾಗ ಇರತ್ತೆ, ವಾಲಲ್ಲ. ಗುಂಡಿಯ ಮರವನ್ನ ಮೊದಲು ಫೋರ್ಸ್ಟ್ನರ್ ಬಿಟ್ಟಲ್ಲಿ (ತಳ ಚಪ್ಪಟೆಯಾಗಿ ಕೊರೆಯೋ ಬಿಟ್) ಡ್ರಿಲ್ ಮಾಡಿ ಆದಷ್ಟೂ ತೆಗೆದುಬಿಡಿ, ರೌಟರಿಗೆ ಗೋಡೆ ನುಣುಪು ಮಾಡೋ ಕೆಲಸ ಮಾತ್ರ ಉಳೀಬೇಕು. ಒಂದು ಸಲಕ್ಕೆ 3-4 ಮಿ.ಮೀ. ಆಳಕ್ಕಿಂತ ಜಾಸ್ತಿ ಬೇಡ. ಗುಂಡಿ ಒಳಗೆ ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲಿ, ಹೊರಗಿನ ಅಂಚಲ್ಲಿ ಅದಕ್ಕೆ ಉಲ್ಟಾ ದಿಕ್ಕಲ್ಲಿ ರೌಟರ್ ಓಡಿಸಿ, ದಿಕ್ಕು ತಪ್ಪಿದ್ರೆ ಬಿಟ್ ಮರವನ್ನ ಹತ್ತಿ ಮುಂದಕ್ಕೆ ಎಳ್ಕೊಂಡು ಓಡತ್ತೆ, ಕೈ ಹಿಡಿತಕ್ಕೆ ಸಿಗಲ್ಲ. ಬಿಟ್ ಬದಲಾಯಿಸುವಾಗ ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಜಾಗದಲ್ಲಿ ಇಡಿ. ಕನ್ನಡಕ, ಕಿವಿಗೆ ರಕ್ಷಣೆ, ಧೂಳಿಗೆ ಒಳ್ಳೇ ಮಾಸ್ಕ್ ಇಲ್ದೇ ಸ್ವಿಚ್ ಒತ್ಲೇಬೇಡಿ, ಎಂಡಿಎಫ್ ಧೂಳಂತೂ ತುಂಬಾ ನಯ, ನೇರ ಎದೆಗೆ ಹೋಗತ್ತೆ.

ಹೊರ ಆಕಾರಕ್ಕೂ ಗರಗಸದಲ್ಲಿ ಗೆರೆಯಿಂದ ಎರಡು ಮಿ.ಮೀ. ಆಚೆ ಕುಯ್ದು ಆಮೇಲೆ ರೌಟರ್. ಬಿಟ್ಟಿನ ಅಲಗು 25 ಮಿ.ಮೀ. ಇದ್ರೆ 45 ದಪ್ಪ ಒಂದೇ ಸಲಕ್ಕೆ ಆಗಲ್ಲ, ಟೆಂಪ್ಲೇಟ್ ಇಟ್ಕೊಂಡು ಮೇಲಿನರ್ಧ ಮುಗಿಸಿ, ಆಮೇಲೆ ಟೆಂಪ್ಲೇಟ್ ತೆಗೆದು ಬೇರಿಂಗನ್ನ ಈಗಾಗ್ಲೇ ಕುಯ್ದ ಮರದ ಅಂಚಿಗೇ ಆನಿಸಿ ಕೆಳಗಿಳೀರಿ. ಹೆದರಿಕೆ ಇರೋದು ಕೊಂಬಿನ (ನೆಕ್ಕಿನ ಪಕ್ಕ ಚಾಚಿರೋ ಭಾಗ) ತುದಿಗಳಲ್ಲಿ, ಅಲ್ಲಿ ರೌಟರ್ ಬಿಟ್ ಮರದ ಎಳೆಗೆ ಎದುರಾಗಿ ಹೋಗತ್ತೆ, ಕೈಯಗಲ ಚಕ್ಕೆ ಎದ್ದು ಹಾರಿರೋದನ್ನ ನೋಡಿದ್ದೀನಿ. ಆ ಜಾಗದಲ್ಲಿ ಮೊದಲೇ ಉಜ್ಜಿ ಒಂದು ಮಿ.ಮೀ.ಗೂ ಕಮ್ಮಿ ಮರ ಉಳಿಸ್ಕೊಂಡು, ಹಗುರಾಗಿ ಎರಡು ಮೂರು ಸಲ ಹೋಗಿ.

ಬ್ರಿಡ್ಜ್ ಜಾಗ ಕಾಗದ ನೋಡಿ ಗುರುತು ಮಾಡ್ಬೇಡಿ. ನೆಕ್ ಪಾಕೆಟ್‌ನಲ್ಲಿ ಕೂರಿಸಿ, ನಟ್ಟಿಂದ ಹನ್ನೆರಡನೇ ಫ್ರೆಟ್‌ವರೆಗೆ ಅಳೆದು ಡಬಲ್ ಮಾಡಿ, ಅದೇ ಸ್ಕೇಲ್ ಲೆಂತ್, ಅಂದ್ರೆ ನಟ್ಟಿಂದ ಬ್ರಿಡ್ಜ್‌ವರೆಗೆ ತಂತಿಯ ಲೆಕ್ಕದ ಉದ್ದ. ಫೆಂಡರ್ ಅಳತೆಯ ನೆಕ್ಕಾದ್ರೆ 324, ಡಬಲ್ ಮಾಡಿದ್ರೆ 648 ಮಿ.ಮೀ., ಅಂದ್ರೆ ಇಪ್ಪತ್ತೈದೂವರೆ ಇಂಚು. ಎಲ್ಲಕ್ಕಿಂತ ತೆಳು ತಂತಿಯ (ಇ ಸ್ವರದ್ದು) ಸ್ಯಾಡಲನ್ನ ಹೆಚ್ಚು ಕಮ್ಮಿ ಪೂರ್ತಿ ಮುಂದಕ್ಕೆ ತಂದು ಆ 648ರ ಮೇಲೆ ನಿಲ್ಲಿಸಿ, ಯಾಕಂದ್ರೆ ಶ್ರುತಿ ಸರಿ ಮಾಡುವಾಗ ಎಲ್ಲಾ ಸ್ಯಾಡಲ್ಲೂ ಹಿಂದಕ್ಕೇ ಹೋಗೋದು, ದಪ್ಪ ತಂತಿ ಮೂರ್ನಾಕು ಮಿ.ಮೀ. ಹಿಂದೆ ಹೋಗತ್ತೆ. ಎರಡು ದಾರ ತಗೊಂಡು ನಟ್ಟಿನ ಎರಡೂ ಕೊನೇ ಸೀಳಿಂದ ಕೊನೇ ಸ್ಯಾಡಲ್‌ಗಳಿಗೆ ಬಿಗಿಯಾಗಿ ಎಳೆದು, ಫ್ರೆಟ್‌ಬೋರ್ಡ್ ಅಂಚಿಂದ ಎರಡೂ ಕಡೆ ಒಂದೇ ಅಂತರ ಬರೋವರೆಗೂ ಬ್ರಿಡ್ಜ್ ಸರಿಸಿ, ಆಮೇಲೆ ಡ್ರಿಲ್ ಮಾಡಿ.

ನೆಕ್ ಸ್ಕ್ರೂಗೆ ಬಾಡೀಲಿರೋ ತೂತು ಸ್ಕ್ರೂಗಿಂತ ಒಂದೆಳೆ ದೊಡ್ಡದಿರ್ಲಿ, ಸ್ಕ್ರೂ ಅಲ್ಲಿ ಸಲೀಸಾಗಿ ಜಾರ್ಬೇಕು, ಹಿಡ್ಕೋಬೇಕಾದ್ದು ನೆಕ್ಕಿನ ಮರವನ್ನ ಮಾತ್ರ. ಬಾಡೀಲೂ ಹಿಡ್ಕೊಂಡ್ರೆ ಎಷ್ಟು ತಿರುಗಿಸಿದ್ರೂ ನಡುವೆ ಕೂದಲೆಳೆ ಸಂದಿ ಉಳಿಯತ್ತೆ. ನೆಕ್ಕಿಗೆ 3 ಮಿ.ಮೀ. ತೂತು ಹಾಕುವಾಗ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಳ್ಳಿ, ಫ್ರೆಟ್‌ಬೋರ್ಡಿಂದ ಆಚೆ ಬಂದ್ರೆ ಕಥೆ ಮುಗೀತು. ಸ್ಕ್ರೂಗೆ ಮೇಣ ಸವರಿ.

ಕಂಟ್ರೋಲ್ ಗುಂಡಿ (ವಾಲ್ಯೂಮ್, ಟೋನ್ ಪಾಟ್ ಕೂರೋದು) ಹಿಂದಿಂದ ಕೊರೆಯೋದಾದ್ರೆ ಮೇಲೆ 5-6 ಮಿ.ಮೀ. ಮರ ಉಳೀಲಿ, ಪಾಟ್‌ನ (ತಿರುಗಿಸೋ ಕಂಟ್ರೋಲ್) ತಿರುಪು ಅಷ್ಟು ದಪ್ಪ ದಾಟಿ ಅದನ್ನ ಬಿಗಿಯೋ ನಟ್ ಹಿಡಿಯತ್ತಾ ಅಂತ ಮೊದಲೇ ನೋಡಿ. ವೈರ್ ದಾರಿಗೆ ಉದ್ದ ಡ್ರಿಲ್ ಬಿಟ್ಟನ್ನ ನೆಕ್ ಪಾಕೆಟ್ ಕಡೆಯಿಂದ ಓರೆಯಾಗಿ ಇಳಿಸಿದ್ರೆ ಪಿಕಪ್ ಗುಂಡಿ ದಾಟಿ ಕಂಟ್ರೋಲ್ ಗುಂಡಿಗೆ ಹೋಗತ್ತೆ. ಬ್ರಿಡ್ಜ್ ಕೆಳಗಿಂದ ಕಂಟ್ರೋಲ್ ಗುಂಡಿಗೆ ಒಂದು ಸಣ್ಣ ತೂತು ಮರೀಬೇಡಿ, ಅದು ಅರ್ಥ್ ವೈರಿಗೆ, ಅದಿಲ್ದಿದ್ರೆ ತಂತಿ ಮೇಲಿಂದ ಕೈ ತೆಗೆದ್ರೂ ಇಟ್ರೂ ಗುಂಯ್ ಅನ್ನೋ ಸದ್ದು ಹೋಗಲ್ಲ.

ಪಾಲಿಶ್‌ಗೆ ಮುಂಚೆ ಒಂದು ಸಲ ಎಲ್ಲಾ ಜೋಡಿಸಿ, ತಂತಿ ಹಾಕಿ, ಶ್ರುತಿ ಮಾಡಿ, ಎರಡು ದಿನ ನುಡಿಸಿ. ಪಾಲಿಶ್ ಹಾಕದ ಮರದ ಮೇಲೆ ತಪ್ಪು ತಿದ್ದೋದು ಸುಲಭ. ತೋಳು ಒತ್ತೋ ಜಾಗ, ಹೊಟ್ಟೆಗೆ ತಾಗೋ ಅಂಚು ಎಲ್ಲಿ ಅಂತ ಮೈಗೆ ಗೊತ್ತಾಗೋದೂ ಆಗಲೇ, ಅಲ್ಲಿ ಅರ ಹಿಡಿದು ಇಳಿಜಾರು ಮಾಡ್ಕೊಳ್ಳಿ. ಉಳಿದ ಅಂಚಿಗೆ 3ರಿಂದ 12 ಮಿ.ಮೀ. ಯಾವ ರೌಂಡಾದ್ರೂ ಸರಿ, ನೆಕ್ ಪಾಕೆಟ್‌ನ ಬಾಯಿ ಮಾತ್ರ ಚೂಪಾಗೇ ಬಿಡಿ.

ಆಮೇಲೆ ಬಿಚ್ಚಿ 80, 120, 180, 220 ನಂಬರಿನ ಸ್ಯಾಂಡ್‌ಪೇಪರ್ ಹೀಗೆ ಎಳೆ ಜೊತೆಗೇ ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿದ್ರೆ ನಾರು ಎದ್ದು ನಿಲ್ಲತ್ತೆ, ಒಣಗಿದ ಮೇಲೆ ಮತ್ತೊಂದು ಸಲ 220. ಆ್ಯಶ್, ಮಹಾಗನಿಗೆ ರಂಧ್ರ ಜಾಸ್ತಿ, ಕನ್ನಡಿ ಥರ ನುಣುಪು ಬೇಕು ಅಂದ್ರೆ ಗ್ರೇನ್ ಫಿಲ್ಲರ್ ತುಂಬಿ. ಮನೇಲಿ ಮೊದಲನೇ ಸಲ ಮಾಡೋರಿಗೆ ಎಣ್ಣೆ ಫಿನಿಶ್ಶೇ ವಾಸಿ, ಬಟ್ಟೇಲಿ ತೆಳುವಾಗಿ ಹಚ್ಚಿ ಹೆಚ್ಚಾದ್ದನ್ನ ಒರೆಸಿ ಒಂದು ದಿನ ಬಿಟ್ಟು ಮತ್ತೆ, ಹೀಗೆ ನಾಕೈದು ಸಲ, ಪಾಕೆಟ್ ಒಳಗೆ ಟೇಪ್ ಹಚ್ಚಿ ಮುಚ್ಚಿರ್ಲಿ. ಎಣ್ಣೆ ಬಟ್ಟೆಯನ್ನ ಉಂಡೆ ಮಾಡಿ ಎಸೀಬೇಡಿ, ಲಿನ್‌ಸೀಡ್ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗೇ ಹೊತ್ತಿಕೊಳ್ಳತ್ತೆ, ಹೊರಗಡೆ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ.

ಎಣ್ಣೆ ಗಟ್ಟಿಯಾದ ಮೇಲೆ ಕೊನೇ ಸಲ ಜೋಡಿಸಿ, ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿ ಒತ್ತದೇ ಬೆರಳು ತಾಗಿಸಿ ಬರೋ ಸ್ವರ) ಒಂದು ಸಲ, ತಂತಿ ಒತ್ತಿ ಒಂದು ಸಲ ಮೀಟಿ ಟ್ಯೂನರ್ ನೋಡಿ. ಒತ್ತಿದ ಸ್ವರ ಮೇಲಿದ್ರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ರೆ ಮುಂದಕ್ಕೆ, ಆರೂ ತಂತಿಗೂ ಎರಡೂ ಸ್ವರ ಒಂದೇ ಆಗೋವರೆಗೆ.