ಮೀಟರಿನ ಕೆಂಪು ದೀಪ ಎಣಿಸಿದ ಮೇಲೆ

ಕೆಲವು ವರ್ಷಗಳ ಹಿಂದೆ ನಮ್ಮೂರಿನ ವಸ್ತುಪ್ರದರ್ಶನದಲ್ಲಿ, ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಕರೆಂಟ್ ಬಿಲ್ಲು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು ಮಾರುತ್ತಿದ್ದ ಬಿಳಿ ಡಬ್ಬಿಯೊಂದನ್ನು 900 ರೂಪಾಯಿ ಕೊಟ್ಟು ತಂದೆ. ಮಾರುವಾತ ಸಣ್ಣ ಮೋಟಾರೊಂದನ್ನು ಓಡಿಸಿ, ವೈರಿಗೆ ಕರೆಂಟಿನ ಹರಿವು ಅಳೆಯುವ ಟಾಂಗ್ ಟೆಸ್ಟರ್ ಹಾಕಿ, ಡಬ್ಬಿ ಸಿಕ್ಕಿಸುತ್ತಲೇ ಆಂಪಿಯರ್ ಅರ್ಧದಷ್ಟು ಇಳಿದದ್ದನ್ನು ಕಣ್ಣೆದುರೇ ತೋರಿಸಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಎರಡು ತಿಂಗಳಾದರೂ ಬಿಲ್ಲು ಇಳಿಯದಿದ್ದಾಗ ಮೀಟರಿನ ಮುಂದೆ ನಿಂತೆ. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಪಲ್ಸ್ ಎಂದು ಬರೆದಿದೆ. ಅಂದರೆ ಅದರ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾದಂತೆ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ನಡುಮನೆಯ ಹಳೆಯ ಫ್ಯಾನೊಂದನ್ನೇ ಪೂರ್ತಿ ವೇಗದಲ್ಲಿ ಬಿಟ್ಟಾಗ ಎರಡು ಮಿಣುಕುಗಳ ನಡುವೆ 15 ಸೆಕೆಂಡ್ ಹಿಡಿಯಿತು. ಲೆಕ್ಕ ಹಾಕಿದರೆ ಅದು 75 ವ್ಯಾಟ್. ಡಬ್ಬಿ ಸಿಕ್ಕಿಸಿ ಹತ್ತು ಮಿಣುಕು ಎಣಿಸಿದೆ, ಕಿತ್ತು ಮತ್ತೆ ಹತ್ತು ಎಣಿಸಿದೆ. ಎರಡು ಸಲವೂ ಸುಮಾರು 150 ಸೆಕೆಂಡೇ.

ಡಬ್ಬಿ ಬಿಚ್ಚಿ ನೋಡಿದರೆ ಒಳಗಿದ್ದದ್ದು ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಹಸಿರು ದೀಪ, ಇಷ್ಟೇ. ಮೋಟಾರಿಗೆ ಕೆಪಾಸಿಟರ್ ಜೋಡಿಸಿದಾಗ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಸುಧಾರಿಸಿ ವೈರಿನಲ್ಲಿ ಹರಿಯುವ ಆಂಪಿಯರ್ ಇಳಿಯುವುದು ನಿಜ. ಆದರೆ ಮನೆಯ ಬಿಲ್ಲು ಆಂಪಿಯರಿಗಲ್ಲ, ನಿಜವಾಗಿ ಖರ್ಚಾದ ಯೂನಿಟ್ಟಿಗೆ ಬರುತ್ತದೆ. ಮಳಿಗೆಯ ಪ್ರಯೋಗದಲ್ಲಿ ಸುಳ್ಳಿರಲಿಲ್ಲ, ಅದು ನನ್ನ ಬಿಲ್ಲಿಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ದೂರು ಕೊಡೋಣವೆಂದು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಮೊದಲು ರಸೀತಿ ಹುಡುಕಿದರೆ, ಅದರಲ್ಲಿ ಅಂಗಡಿಯ ವಿಳಾಸವೂ ಇಲ್ಲ, ಜಿಎಸ್‌ಟಿ ಸಂಖ್ಯೆಯೂ ಇಲ್ಲ.

ಅಂದಿನಿಂದ ಇಷ್ಟು ಶೇಕಡಾ ಉಳಿತಾಯ ಎಂದು ಹೇಳುವವರನ್ನು ನಾನು ಮೊದಲು ಕೇಳುವುದು, 'ಯಾವುದಕ್ಕೆ ಹೋಲಿಸಿ, ದಿನಕ್ಕೆ ಎಷ್ಟು ಗಂಟೆ ಓಡಿಸಿದರೆ?' ಎಂದು. ಕಡಿಮೆ ಕರೆಂಟಿನಲ್ಲಿ ಓಡುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಕೊಳ್ಳುವಾಗಲೂ ಹಾಗೆಯೇ ಕೇಳಿ, ತಂದ ಮೇಲೆ ಮೀಟರಿನಲ್ಲಿ ಅಳೆದೆ. ಮಿಣುಕಿನ ನಡುವಿನ ಅಂತರ 37 ಸೆಕೆಂಡ್ ದಾಟಿತು, ಅಂದರೆ ಸುಮಾರು 30 ವ್ಯಾಟ್. ಇದು ನಿಜವಾದ ಉಳಿತಾಯ: ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್. ದಿನಕ್ಕೆ ಎರಡೇ ಗಂಟೆ ತಿರುಗುವ ಅತಿಥಿ ಕೋಣೆಯ ಫ್ಯಾನಿಗೆ ಇದೇ ಲೆಕ್ಕ ಮೂರು ಯೂನಿಟ್ಟನ್ನೂ ಮುಟ್ಟದು, ಆದ್ದರಿಂದ ಅಲ್ಲಿ ಹಳೆಯದನ್ನೇ ಬಿಟ್ಟಿದ್ದೇನೆ.

ಫ್ರಿಜ್ಜಿನ ವಿಷಯದಲ್ಲಿ ಸ್ಟಾರ್ ಎಣಿಸುವುದನ್ನು ಬಿಟ್ಟು, ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ಚೀಟಿಯಲ್ಲಿ ಅಚ್ಚಾದ ವರ್ಷದ ಯೂನಿಟ್ಟನ್ನೇ ಓದುತ್ತೇನೆ. ಸ್ಟಾರಿನ ಮಾನದಂಡ ಆಗಾಗ ಬಿಗಿಯಾಗುತ್ತದೆ. ಹಿಂದಿನ ಅವಧಿಯ ಐದು ಸ್ಟಾರು ಈಗಿನ ಐದಕ್ಕೆ ಸಮವಾಗಬೇಕಿಲ್ಲವಾದ್ದರಿಂದ ಚೀಟಿಯ ಮೇಲಿನ ಅವಧಿಯನ್ನೂ ನೋಡಬೇಕು.

ಹೊಸ ಫ್ಯಾನ್ ನೋಡಲು ಬಂದ ಪಕ್ಕದ ಮನೆಯವರು, "ನಮ್ಮದು ಗೃಹಜ್ಯೋತಿ, ಸೊನ್ನೆ ಬಿಲ್ಲು ಕಣ್ರೀ. ಅದರಲ್ಲಿ ಇನ್ನೇನು ಉಳಿಸೋದು?" ಎಂದು ನಕ್ಕರು. ಅವರ ಬಳಕೆ ಉಚಿತ ಮಿತಿಯ ಒಳಗೇ ಇರುವುದರಿಂದ 'ಬಿಲ್ಲು ಅರ್ಧ' ಎಂಬ ಯಾವ ಜಾಹೀರಾತೂ ಅವರ ಮನೆಗೆ ಅನ್ವಯಿಸುವುದಿಲ್ಲ. ಹಳೆಯ ಫ್ಯಾನಿನ ಕಾಯಿಲ್ ಸುಟ್ಟ ದಿನ ನೋಡೋಣ ಎಂದರು, ನಾನೂ ಒಪ್ಪಿದೆ.