ಯುಕೆ ಸ್ಪೌಸ್ ವೀಸಾ ಎಕ್ಸ್‌ಟೆನ್ಷನ್: ವಿಜಯನಗರದ ಮನೆ ಬಾಡಿಗೆ ಹೇಗೆ ಲೆಕ್ಕಕ್ಕೆ ಬಂತು

ಅಕ್ಕನ ವೀಸಾ ಮುಗಿಯಲು ಎರಡು ತಿಂಗಳಿರುವಾಗ ಒಂದು ರಾತ್ರಿ ಫೋನ್ ಬಂತು. "ಲೋ, ವಿಜಯನಗರದ ಮನೆ ಬಾಡಿಗೆ ಯಾರ ಅಕೌಂಟಿಗೆ ಬೀಳ್ತಿದೆ?" ನಿನ್ನದಕ್ಕೇ ಕಣೇ ಅಂದೆ. "ಎಷ್ಟು ತಿಂಗಳಿಂದ?" ಅಲ್ಲಿ ಸಿಕ್ಕಿಬಿದ್ದೆ. ಏಳು ತಿಂಗಳಿಂದ ಮಾತ್ರ. ಅದಕ್ಕೂ ಮುಂಚೆ ಬಾಡಿಗೆಯವರು ಒಂದನೇ ತಾರೀಖು ಮನೆಗೆ ಬಂದು, ಹದಿನಾಲ್ಕು ಸಾವಿರ ಎಣಿಸಿ ಅಮ್ಮನ ಕೈಗೆ ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದರು. ಅಮ್ಮ ಅದನ್ನು ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದರು. ವೀಸಾ ಕೊಡುವ ಯುಕೆ ಹೋಮ್ ಆಫೀಸಿಗೆ ಅಮ್ಮನ ಕ್ಯಾಲೆಂಡರ್ ನಡೆಯುವುದಿಲ್ಲ.

ಆ ಎರಡು ತಿಂಗಳು ಮೈಸೂರಲ್ಲಿ ಕಾಗದಕ್ಕಾಗಿ ಓಡಾಡಿದವನು ನಾನು. ನಿಮ್ಮ ಮನೆಯಲ್ಲೂ ಯಾರಾದರೂ ಬ್ರಿಟಿಷ್ ಗಂಡನನ್ನೋ ಹೆಂಡತಿಯನ್ನೋ ಕಟ್ಟಿಕೊಂಡು ಅಲ್ಲಿದ್ದರೆ ಮುಂದಿನದು ಉಪಯೋಗಕ್ಕೆ ಬರಬಹುದು.

ಈ ವೀಸಾಗೆ ಸಂಸಾರಕ್ಕೆ ಇಂತಿಷ್ಟು ಆದಾಯ ಇದೆ ಅಂತ ತೋರಿಸಬೇಕು. ಮೊದಲು ನಿಮಗೆ ಯಾವ ಮೊತ್ತ ಅನ್ವಯಿಸುತ್ತದೆ ನೋಡಿಕೊಳ್ಳಿ. 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಆಯಿತು. ಆ ತಾರೀಖಿಗೆ ಮುಂಚೆಯೇ ಮೊದಲ ಅರ್ಜಿ ಹಾಕಿದ್ದವರು, ಅದೇ ಸಂಗಾತಿಯ ಜೊತೆ, ಅಲ್ಲಿ ಖಾಯಂ ನೆಲೆಸಲು ಇರುವ ಅದೇ ಐದು ವರ್ಷದ ದಾರಿಯಲ್ಲಿ ಮುಂದುವರಿಯುತ್ತಿದ್ದರೆ, ಎಕ್ಸ್‌ಟೆನ್ಷನ್‌ಗೂ ಹಳೆಯ 18,600 ಸಾಕು. ನಮ್ಮ ಅಕ್ಕ 2023ರ ಫೆಬ್ರವರಿಯಲ್ಲಿ 33 ತಿಂಗಳ ವೀಸಾ ಹಿಡಿದು ಹೋದವಳು, ಹಾಗಾಗಿ ಬಚಾವ್. ಸುಮ್ನೆ 29,000 ಅಂತ ಕೇಳಿ ಹೆದರಿ ನಿದ್ದೆಗೆಟ್ಟವರನ್ನು ನೋಡಿದ್ದೇನೆ. ಹಳೆಯ ಲೆಕ್ಕದಲ್ಲಿ ಮೊದಲ ಮಗುವಿಗೆ 3,800, ಆಮೇಲಿನ ಒಂದೊಂದು ಮಗುವಿಗೆ 2,400 ಜಾಸ್ತಿ ಬೇಕು, ಒಟ್ಟು 29,000 ದಾಟುವುದಿಲ್ಲ. ಆದರೆ ಬ್ರಿಟಿಷ್ ಪ್ರಜೆಯಾದ ಮಗು ಈ ಲೆಕ್ಕಕ್ಕೆ ಬರುವುದಿಲ್ಲ. ಭಾವ ಬ್ರಿಟಿಷ್ ಪ್ರಜೆ, ಅವರ ಮಗಳು ಪುಟ್ಟಿ ಅಲ್ಲೇ ಹುಟ್ಟಿದವಳು, ಅವಳೂ ಬ್ರಿಟಿಷ್. ನಮಗೆ ಬೇಕಿದ್ದದ್ದು ಬರೀ 18,600.

ಇನ್ನು ಯಾರ ಸಂಬಳ? ಮೊದಲ ಸಲ ಭಾರತದಿಂದ ಅರ್ಜಿ ಹಾಕುವಾಗ ಇಲ್ಲಿನ ಸಂಬಳ ಎಷ್ಟೇ ಇದ್ದರೂ ಕೆಲಸಕ್ಕೆ ಬರುವುದಿಲ್ಲ, ಸಂಬಳ ಅಂತ ನೋಡುವುದು ಅಲ್ಲಿರುವ ಸಂಗಾತಿಯದ್ದನ್ನು. ಎಕ್ಸ್‌ಟೆನ್ಷನ್ ಹೊತ್ತಿಗೆ ಇದು ಬದಲಾಗುತ್ತದೆ. ಹೋದವರೂ ಅಲ್ಲಿ ಕೆಲಸ ಮಾಡುತ್ತಿದ್ದರೆ ಇಬ್ಬರದ್ದೂ ಸೇರಿಸಬಹುದು. ಎಷ್ಟೋ ಜನ ಇದು ಗೊತ್ತಿಲ್ಲದೆ ಗಂಡನ ಓವರ್‌ಟೈಮ್ ಜಾಸ್ತಿ ಮಾಡಿಸುತ್ತಾ ಕೂತಿರುತ್ತಾರೆ.

ಒಂದೇ ಕಡೆ ಆರು ತಿಂಗಳಿಂದ ಕೆಲಸದಲ್ಲಿದ್ದರೆ ಅದು ಕೆಟಗರಿ ಎ. ಆರು ತಿಂಗಳ ಪೇ ಸ್ಲಿಪ್, ಆ ಸಂಬಳ ಬಿದ್ದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ ಬೇಕು. ಪತ್ರದಲ್ಲಿ ಯಾವಾಗಿಂದ ಕೆಲಸ, ಸಂಬಳ ಎಷ್ಟು, ಅಷ್ಟು ಸಂಬಳ ಯಾವಾಗಿಂದ, ಕೆಲಸ ಖಾಯಮ್ಮೋ ಅಲ್ಲವೋ, ನಾಲ್ಕೂ ಇರಬೇಕು. ನಿಗದಿ ಸಂಬಳದವರಿಗೆ ಆ ಆರು ತಿಂಗಳಲ್ಲಿ ಸಂಬಳದ ದರ ಅತಿ ಕಡಿಮೆ ಇದ್ದದ್ದು ಎಷ್ಟೋ ಅದನ್ನೇ ಹಿಡಿಯುತ್ತಾರೆ. ಹೋದ ತಿಂಗಳು ಇನ್‌ಕ್ರಿಮೆಂಟ್ ಆಯ್ತು ಅಂತ ಕುಣಿದು ಉಪಯೋಗವಿಲ್ಲ. ಹೆರಿಗೆ ರಜೆಯಲ್ಲಿದ್ದರೆ ಮಾತ್ರ ರಜೆಗೆ ಮುಂಚಿನ ಸಂಬಳ ನೋಡುತ್ತಾರೆ. ಕೆಲಸ ಬದಲಿಸಿ ಆರು ತಿಂಗಳಾಗಿಲ್ಲದಿದ್ದರೆ ಕೆಟಗರಿ ಬಿ: ಈಗಿನ ಸಂಬಳದ ದರವೂ ಸಾಲಬೇಕು, ಹಿಂದಿನ 12 ತಿಂಗಳಲ್ಲಿ ನಿಜವಾಗಿ ದುಡಿದದ್ದೂ ಅಷ್ಟಿರಬೇಕು. ಆದ್ದರಿಂದ ಎಕ್ಸ್‌ಟೆನ್ಷನ್ ಹತ್ತಿರ ಇರುವಾಗ, ಕಂಪನಿ ತಲೆನೋವಾಗಿದ್ದರೂ ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡು ಇರಿ.

ಭಾವನದ್ದು ವಾರಕ್ಕೆ 28 ಗಂಟೆ ಕೆಲಸ. ಅವರಪ್ಪನನ್ನು ನೋಡಿಕೊಳ್ಳಬೇಕು, ಅದಕ್ಕೆ ಪೂರ್ತಿ ಹೊತ್ತು ಹೋಗುತ್ತಿರಲಿಲ್ಲ. ವರ್ಷಕ್ಕೆ 17,780 ಪೌಂಡ್. ಪುಟ್ಟಿ ಸಣ್ಣವಳು, ಅಕ್ಕ ಕೆಲಸಕ್ಕೆ ಸೇರಿರಲಿಲ್ಲ. ಕಡಿಮೆ ಬಿದ್ದದ್ದು 820 ಪೌಂಡ್.

ಇಷ್ಟು ತಾನೇ, ಉಳಿತಾಯ ತೋರಿಸಿದರಾಯಿತು ಅಂದುಕೊಂಡೆವು. ಅಲ್ಲಿದೆ ನೋಡಿ ತಮಾಷೆ. ಉಳಿತಾಯದಲ್ಲಿ ಮೊದಲ 16,000 ಪೌಂಡ್ ಲೆಕ್ಕಕ್ಕೇ ಬರುವುದಿಲ್ಲ. ಅದರ ಮೇಲಿನದ್ದು, ಕೊರತೆಯ ಎರಡೂವರೆ ಪಟ್ಟು ಇರಬೇಕು. ಅಂದರೆ 820 ಪೌಂಡ್ ಕೊರತೆ ತುಂಬಲು 18,050 ಪೌಂಡ್ ಬೇಕು. ಪೌಂಡ್‌ಗೆ 118 ರೂಪಾಯಿ ಅಂದರೆ 21 ಲಕ್ಷದ ಮೇಲೆ! ಅದೂ ಆರು ತಿಂಗಳಿಂದ ನಿಮ್ಮ ಕೈಯಲ್ಲೇ ಇದ್ದ ದುಡ್ಡಾಗಿರಬೇಕು. ಅಪ್ಪ ಅಮ್ಮ ಉಡುಗೊರೆ ಅಂತ ಕೊಟ್ಟದ್ದು ಆಗುತ್ತದೆ, ಸಾಲ ಆಗುವುದಿಲ್ಲ. ಎಫ್‌ಡಿ ಪರವಾಗಿಲ್ಲ, ದಂಡ ಕಟ್ಟಿಯಾದರೂ ತಕ್ಷಣ ಮುರಿಸುವಂತಿದ್ದರೆ ಸಾಕು. ಇದರಲ್ಲಿ ಒಂದು ವಿನಾಯಿತಿ ಇದೆ. ಮಂಡ್ಯದಲ್ಲಿ ನಿಮ್ಮ ಹೆಸರಲ್ಲಿ ಮೊದಲಿಂದ ಇದ್ದ ಸೈಟು ಮಾರಿ ಬಂದ ದುಡ್ಡಾದರೆ, ಅದು ಬ್ಯಾಂಕಿಗೆ ಹೋದ ತಿಂಗಳು ಬಿದ್ದಿದ್ದರೂ ಒಪ್ಪುತ್ತಾರೆ, ಸೈಟು ಆ ಆರು ತಿಂಗಳ ಶುರುವಿನಲ್ಲೇ ನಿಮ್ಮದಾಗಿತ್ತು ಅನ್ನುವುದಕ್ಕೆ ಕಾಗದ ಇರಬೇಕು. ನಮಗೆ ಮಾರಲು ಸೈಟೂ ಇರಲಿಲ್ಲ, 21 ಲಕ್ಷವೂ ಇರಲಿಲ್ಲ.

ಇದ್ದದ್ದು ಅಕ್ಕನ ಹೆಸರಲ್ಲಿದ್ದ ವಿಜಯನಗರದ ಮನೆಯ ಬಾಡಿಗೆ. ಭಾರತದಲ್ಲಿರುವ ಮನೆಯ ಬಾಡಿಗೆಯೂ ಆದಾಯವೇ. ಮನೆ ಅರ್ಜಿದಾರರ ಅಥವಾ ಸಂಗಾತಿಯ ಹೆಸರಲ್ಲಿರಬೇಕು, ಇಲ್ಲ ಇಬ್ಬರ ಹೆಸರಲ್ಲಿ. ಮೂರನೆಯವರ ಜೊತೆ ಜಂಟಿ ಇದ್ದರೆ ನಿಮ್ಮ ಪಾಲಷ್ಟೇ. ಅರ್ಜಿಗೆ ಹಿಂದಿನ 12 ತಿಂಗಳಲ್ಲಿ ನಿಮ್ಮ ಅಕೌಂಟಿಗೆ ಬಿದ್ದದ್ದು ಮಾತ್ರ ಎಣಿಕೆ. ಅಮ್ಮನ ಫೋನ್‌ಪೇಗೆ ಬಂದದ್ದು ಎಣಿಕೆಗಿಲ್ಲ, ಅಮ್ಮ ಅದನ್ನು ಆಮೇಲೆ ಪೌಂಡ್ ಮಾಡಿ ಕಳಿಸಿದರೂ ಇಲ್ಲ.

ಏಳು ತಿಂಗಳ ಬಾಡಿಗೆ 98,000 ರೂಪಾಯಿ. ಅರ್ಜಿ ಹಾಕುವ ದಿನ ಒಆಂಡಾ ಅನ್ನುವ ವೆಬ್‌ಸೈಟ್ ತೋರಿಸುವ ದರದಲ್ಲಿ ಪೌಂಡ್‌ಗೆ ತಿರುಗಿಸುತ್ತಾರೆ. ಪೌಂಡ್ 118 ಇದ್ದರೆ 830, ಪಾಸ್. 120 ಆದರೆ 816, ಫೇಲ್. ಎರಡು ರೂಪಾಯಿ ಮೇಲೆ ಅಕ್ಕನ ಸಂಸಾರ ನೇತಾಡುತ್ತಿತ್ತು! ಭಾವ ಬೆಳಿಗ್ಗೆ ಎದ್ದ ಕೂಡಲೇ ದರ ನೋಡುತ್ತಿದ್ದರಂತೆ. ಆಮೇಲೆ ತಲೆಗೆ ಹೊಳೆಯಿತು: ಒಂದು ತಿಂಗಳು ಕಾದರೆ ಈ 12 ತಿಂಗಳ ಕಿಟಕಿಯಿಂದ ಹಳೆಯ ನಗದು ತಿಂಗಳು ಒಂದು ಹೊರಗೆ ಹೋಗುತ್ತದೆ, ಹೊಸ ಬ್ಯಾಂಕ್ ತಿಂಗಳು ಒಂದು ಒಳಗೆ ಬರುತ್ತದೆ. ಎಂಟು ತಿಂಗಳು, 1,12,000 ರೂಪಾಯಿ, 930 ಪೌಂಡ್‌ಗೆ ಮೋಸವಿಲ್ಲ. ವೀಸಾ ಇನ್ನೂ ಇತ್ತು, ಕಾದೆವು. ನಮ್ಮದು ಉಲ್ಟಾ ಆಗಿದ್ದು, ಮೊದಲು ಬ್ಯಾಂಕ್, ಆಮೇಲೆ ನಗದು ಆಗಿದ್ದಿದ್ದರೆ ಕಾದೂ ಪ್ರಯೋಜನ ಇರುತ್ತಿರಲಿಲ್ಲ.

ಕಾಗದದ ಓಡಾಟ ನನ್ನ ಪಾಲಿಗೆ ಬಂತು. ಬಾಡಿಗೆ ಕರಾರು ಬೇಕು. ನಮ್ಮಲ್ಲಿ ಎಲ್ಲರೂ ಮಾಡಿಸುವುದು 11 ತಿಂಗಳಿಗೆ, ಅಲ್ವಾ? ಅವರು ನೋಡುವುದು 12 ತಿಂಗಳು. ಹಾಗಾಗಿ ಹಳೆಯದು, ಹೊಸದು ಎರಡೂ ಬೇಕು. ಹಳೆಯದನ್ನು ಅಮ್ಮ ಗ್ಯಾಸ್ ಪುಸ್ತಕದ ಜೊತೆ ಇಟ್ಟಿದ್ದರು, ಪುಣ್ಯ. ಒಡೆತನಕ್ಕೆ ನಾನು ಮೊದಲು ಇ-ಖಾತೆ ತೆಗೆದುಕೊಂಡು ಹೋದೆ. ವಕೀಲರು ನಕ್ಕರು. ಖಾತೆ ತೆರಿಗೆಗೆ ಕಣಪ್ಪಾ, ಹಕ್ಕಿಗೆ ಅಪ್ಪ ಬರೆದುಕೊಟ್ಟ ದಾನಪತ್ರ ತಗೊಂಡು ಬಾ ಅಂದರು. ಅದು ಕನ್ನಡದಲ್ಲಿತ್ತು, ಕರಾರೂ ಕನ್ನಡದಲ್ಲೇ. ಇಂಗ್ಲಿಷ್ ಅಲ್ಲದ ಯಾವ ಕಾಗದಕ್ಕೂ ಅನುವಾದ ಇಡಲೇಬೇಕು, ಅದರಲ್ಲಿ ಅನುವಾದಕರು ಇದು ಸರಿಯಾದ ಅನುವಾದ ಅಂತ ಬರೆದು, ತಾರೀಖು, ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ ಹಾಕಿರಬೇಕು. ನಮಗೆ ಸಿಕ್ಕ ಹುಡುಗ ಇಂಗ್ಲಿಷ್‌ನಲ್ಲಿ ಪಂಟ. ಆದರೆ ಚಕ್ಕುಬಂದಿ ಹತ್ತಿರ ಬಂದು ನಿಂತುಬಿಟ್ಟ. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇದೇ ನಂಬರಿನ ಉಳಿಕೆ ಸ್ವತ್ತು" ಅನ್ನುವುದನ್ನು ಮೂರು ಸಲ ಓದಿ, ಇದೇನ್ ಸಾರ್ ಅಂದ. ಅಕ್ಕನ ಹೆಸರಿನ ಮುಂದಿದ್ದ "ಕೋಂ" ಅವಳ ಇನಿಷಿಯಲ್ ಅಂದುಕೊಂಡು ಹಾಗೇ ಬರೆದಿದ್ದ. ಇಂತವರ ಹೆಂಡತಿ ಅಂತ ಅರ್ಥ ಮಾರಾಯ ಅಂತ ತಿದ್ದಿಸಿದೆ. ಅನುವಾದ ಕೈಗೆ ಬಂದ ಮೇಲೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ ನೋಡಿ.

ಎನ್‌ಆರ್‌ಐ ಆದವರ ಬಾಡಿಗೆ, ಅವರ ಭಾರತದ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಅಕೌಂಟಿಗೆ ಬೀಳಬೇಕು, ಬಾಡಿಗೆಯವರು ಟಿಡಿಎಸ್ ಹಿಡಿಯಬೇಕು. ಅದು ಬೇರೆಯೇ ಪುರಾಣ, ನಿಮ್ಮ ಆಡಿಟರ್ ಹತ್ತಿರ ಒಂದು ಸಲ ಕೂತು ಮಾತಾಡಿ.

ಅಲ್ಲೇ ಮನೆಯಲ್ಲಿ ಪುಳಿಯೋಗರೆ ಗೊಜ್ಜು ಮಾಡಿ ಮಾರುವಂಥ ಸ್ವಂತ ಉದ್ಯೋಗ ಇದ್ದರೆ ಮುಗಿದ ಪೂರ್ತಿ ಹಣಕಾಸು ವರ್ಷದ ಲೆಕ್ಕ ಕೊಡಬೇಕು, ಅದರ ಜೊತೆ ಉಳಿತಾಯ ಸೇರಿಸಲು ಬಿಡುವುದಿಲ್ಲ. ಸಂಗಾತಿಗೆ ಪಿಪ್‌ನಂಥ ಅಂಗವಿಕಲರ ಭತ್ಯೆ ಅಥವಾ ಅಂಥವರನ್ನು ನೋಡಿಕೊಳ್ಳುವವರಿಗೆ ಸಿಗುವ ಕೇರರ್ಸ್ ಅಲೋವೆನ್ಸ್ ಬರುತ್ತಿದ್ದರೆ 18,600ರ ನಿಯಮವೇ ಇಲ್ಲ, ಸಂಸಾರ ನಡೆಸಲು ಸಾಕಷ್ಟಿದೆ ಅಂತ ತೋರಿಸಿದರೆ ಆಯಿತು. ಭಾವನಿಗೆ ಇದು ಬರುತ್ತಿರಲಿಲ್ಲ, ಆದರೆ ನೀವು ಒಂದು ಸಲ ವಿಚಾರಿಸಿ. ಯಾವುದೂ ಕೂಡಿಬರದೆ, ಮಗು ಇದೆ ಅನ್ನುವ ಕಾರಣಕ್ಕೆ ವಿನಾಯಿತಿ ಸಿಕ್ಕರೆ ಐದು ವರ್ಷದ ದಾರಿ ಹತ್ತು ವರ್ಷದ್ದಾಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸಂಬಳದ ಕಾಗದಗಳಲ್ಲಿ ಕೊನೆಯದು ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಬಾರದು, ಆದ್ದರಿಂದ ಕಂಪನಿ ಪತ್ರವನ್ನು ತುಂಬಾ ಬೇಗ ತೆಗೆದುಕೊಳ್ಳಬೇಡಿ. ಅರ್ಜಿ ಶುಲ್ಕದ ಜೊತೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗಾಗಿ ಕಟ್ಟುವ ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್, ಎಕ್ಸ್‌ಟೆನ್ಷನ್‌ನ ಎರಡೂವರೆ ವರ್ಷಕ್ಕೆ 2,587.50, ಅರ್ಜಿ ಹಾಕುವಾಗಲೇ ಕಟ್ಟಬೇಕು. ಈ ದುಡ್ಡನ್ನು ಮರೆತು ಕೂತವರು ಕೊನೆ ವಾರ ಮಂಡ್ಯದ ಮಾವನಿಗೆ ಫೋನ್ ಮಾಡುತ್ತಾರೆ.

ವೀಸಾ ಮುಗಿಯುವ ಮುಂಚೆ ಅರ್ಜಿ ಹಾಕಿಬಿಟ್ಟರೆ ಉತ್ತರ ಬರುವತನಕ ಹಳೆಯ ವೀಸಾದ ಹಕ್ಕೇ ಮುಂದುವರಿಯುತ್ತದೆ, ಕೆಲಸವನ್ನೂ ಮಾಡಬಹುದು. ಆದರೆ ಆ ಹೊತ್ತಲ್ಲಿ ದೇಶ ಬಿಟ್ಟು ಹೊರಟರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ಅಕ್ಕ ಅದಕ್ಕೇ ಚಿಕ್ಕಪ್ಪನ ಮಗಳ ಮದುವೆಗೆ ಮಂಡ್ಯಕ್ಕೆ ಬರಲಿಲ್ಲ. ಧಾರೆ ಹೊತ್ತಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಅಮ್ಮನ ಕೈಗೆ ಕೊಟ್ಟಿದ್ದೆ, ಅಮ್ಮ ಅದನ್ನು ಉಲ್ಟಾ ಹಿಡಿದುಕೊಂಡಿದ್ದರು, ಅಕ್ಕನಿಗೆ ಅರ್ಧ ಗಂಟೆ ಕಂಡದ್ದು ಛತ್ರದ ಫ್ಯಾನು.